ಹಲಸಿನ ಮರದಡಿಯ ಹಡಗುಕಟ್ಟೆ

ಪಕ್ಕದ ಮನೆಯ ಗ್ರೈಂಡರ್ ಸದ್ದಿನ ಬಗ್ಗೆ ಹಿಂದೊಮ್ಮೆ ಬರೆದಿದ್ದೆ. ಕಾಗದ ಬರೆದು ಸಂತಾಪ ಸೂಚಿಸಿದವರಿಗೆಲ್ಲ ವಂದನೆಗಳು. ಸದ್ದು ನಿಂತಿಲ್ಲ, ಈಗ ಅದರ ಜೊತೆ ಧೂಳೂ ಸೇರಿಕೊಂಡಿದೆ. ಮೊನ್ನೆ ಅಂಗಳದಲ್ಲಿ ಒಣಹಾಕಿದ್ದ ಹಲಸಿನ ಹಪ್ಪಳದ ಮೇಲೆ ಬೆಳ್ಳಗೆ ಏನೋ ಉದುರಿತ್ತು. ಅಕ್ಕಿಹಿಟ್ಟಿರಬೇಕು ಎಂದು ಮನೆಯವಳು ಬೆರಳಲ್ಲಿ ಒರೆಸಿದಳು. ಸಂಜೆಯವರೆಗೂ ಅಂಗೈ ತುರಿಸುತ್ತಲೇ ಇತ್ತು. ಅದು ಗಾಜಿನ ನೂಲಿನ ಪುಡಿ. ಒಂದು ಚಾಪೆ ಹಪ್ಪಳ ಹಾಗೆಯೇ ಗೊಬ್ಬರದ ಗುಂಡಿ ಸೇರಿತು.

ನಮ್ಮ ನೆರೆಯ ರಾಯರು ಬ್ಯಾಂಕಿನಿಂದ ನಿವೃತ್ತರಾಗಿ ಬೆಂಗಳೂರು ಬಿಟ್ಟು ಊರಿಗೆ ಬಂದವರು. ಗಂಗೊಳ್ಳಿ ಕಡೆಯಿಂದ ಒಂದು ಹಳೇ ಫೈಬರ್ ದೋಣಿ ಕೊಂಡು, ಹಿತ್ತಿಲ ಹಲಸಿನ ಮರದಡಿ ಮಗುಚಿ ಹಾಕಿ, ರಿಪೇರಿಗೆ ಕೂತಿದ್ದಾರೆ. ಅವರನ್ನು ಕೇಳಿದರೆ ಸಿಗುವುದು ಒಂದೇ ಉತ್ತರ: ‘ಇನ್ನು ಎಂಟು ದಿನ’. ಹಾಗಾಗಿ ದೋಣಿಯನ್ನೇ ಕೇಳುವುದೆಂದು ಹೊರಟೆ. ರಾಯರು ರೆಸಿನ್ ತರಲು ಕುಂದಾಪುರಕ್ಕೆ ಹೋಗಿದ್ದರು. ಹೆದ್ದಾರಿ 66ರ ಸರ್ವಿಸ್ ರಸ್ತೆಗೆ ಇಳಿದವರು ಎಷ್ಟು ಹೊತ್ತಿಗೆ ವಾಪಸ್ ಬರುತ್ತಾರೆಂದು ಗೊತ್ತಿರುವುದರಿಂದ ನನಗೆ ಬೇಕಾದಷ್ಟು ಸಮಯವಿತ್ತು. ದೋಣಿ ಆಡಿದ್ದು ಅಪ್ಪಟ ಕುಂದಗನ್ನಡ, ಅಚ್ಚಿಗೆ ತಕ್ಕಷ್ಟು ತಿದ್ದಿದ್ದೇನೆ. ಒಂದೆರಡು ಮಾತು ತಿದ್ದುವಂತಿರಲಿಲ್ಲ, ಬಿಟ್ಟಿದ್ದೇನೆ.

ನಾನು: ನಮಸ್ಕಾರ. ಹೇಗಿದ್ದೀರಿ?

ದೋಣಿ: ಹ್ವಾಯ್, ಮಗುಚಿ ಹಾಕಿದ್ದು ಕಾಣುವುದಿಲ್ಲವಾ? ಮಗುಚಿದ ದೋಣಿಯ ಹತ್ತಿರ ಕ್ಷೇಮ ಸಮಾಚಾರ ಕೇಳುವವರನ್ನು ಇವತ್ತೇ ಕಂಡದ್ದು.

ನಾನು: ನಿಮ್ಮ ಮನೆತನದ ಬಗ್ಗೆ ಸ್ವಲ್ಪ ಹೇಳಿ.

ದೋಣಿ: ನಮ್ಮದು ಪರದೇಶದ ಕುಲ. 1942ರಲ್ಲಿ ಅಮೆರಿಕದ ಒಹಾಯೊದಲ್ಲಿ ರೇ ಗ್ರೀನ್ ಎಂಬವರು ಗಾಜಿನ ನೂಲಿಗೆ ಪಾಲಿಯೆಸ್ಟರ್ ರೆಸಿನ್ ಕುಡಿಸಿ ದೋಣಿ ಮಾಡಿದರಲ್ಲ, ಅಲ್ಲಿಂದ ಬಂದದ್ದು. ಈ ಕರಾವಳಿಯಲ್ಲಿ ನನಗಿಂತ ಮೊದಲು ಇದ್ದವರು ಮಾವು, ಹೆಬ್ಬಲಸು. ಹಲಗೆಗೆ ಹಲಗೆ ಸೇರಿಸಿ ತೆಂಗಿನ ಹುರಿಯಲ್ಲಿ ಹೊಲಿದು ಗೇರೆಣ್ಣೆ ಬಳಿಯುತ್ತಿದ್ದ ಕಾಲ ಅದು. ಅವರ ಕೆಲಸ ಕಿತ್ತುಕೊಂಡದ್ದು ನಾನೇ, ಇಲ್ಲ ಅನ್ನುವುದಿಲ್ಲ. ಈಗ ತಂದು ಕಟ್ಟಿದ್ದು ಎಲ್ಲಿಗೆ? ಹಲಸಿನ ಮರಕ್ಕೆ! ದಿನಾ ಮೇಲಿನಿಂದ ನೋಡುತ್ತದೆ. ಹೋದ ವಾರ ಒಂದು ಕಾಯಿಯನ್ನೂ ಹಾಕಿತು, ಸೀದಾ ನನ್ನ ಬೆನ್ನಿಗೆ.

ನಾನು: ಗಂಗೊಳ್ಳಿಯಿಂದ ಇಲ್ಲಿಗೆ ಲಾರಿಯಲ್ಲಿ ಬಂದಿರಿ. ಹೆದ್ದಾರಿಯ ಅನುಭವ ಹೇಗಿತ್ತು? ಕುಂದಾಪುರದ ಫ್ಲೈಓವರ್ 2021ರಲ್ಲಿ ತೆರೆಯುವ ಹೊತ್ತಿಗೆ ಸುಮಾರು ಒಂದು ದಶಕವೇ ಕಳೆದಿತ್ತು. ಈ ಬಗ್ಗೆ...

ದೋಣಿ: ನನ್ನ ಹತ್ತಿರ ಪುಟ್ಟಿಯ ವಿಷಯ ಕೇಳಿ.

ನಾನು: ಪುಟ್ಟಿಯೇ?

ದೋಣಿ: ಪುಟ್ಟಿಯೇ. ನಿಮ್ಮ ರಾಯರು ಬೇರೆಯದೇನನ್ನೂ ನಂಬುವುದಿಲ್ಲ. ಬಿರುಕು ಕಂಡರೆ ಪುಟ್ಟಿ, ಗುಳ್ಳೆ ಎದ್ದರೆ ಪುಟ್ಟಿ, ತೂತಿಗೂ ಪುಟ್ಟಿ. ತಿಕ್ಕುವುದು, ಮತ್ತೆ ಹಚ್ಚುವುದು. ನೂರಕ್ಕೆ ನೂರು ನುಣುಪಾಗಬೇಕಂತೆ. ಕಡಲಿಗೆ ನುಣುಪು ಎಂತಕ್ಕೆ ಮಾರಾಯ್ರೆ? ಗುಳ್ಳೆ ಎದ್ದದ್ದು ಮೇಲಿನ ಜೆಲ್‌ಕೋಟ್ ದಾಟಿ ನೀರು ಒಳಗೆ ಹೋದದ್ದಕ್ಕೆ. ಅದನ್ನು ಒಡೆದು, ತೊಳೆದು, ವಾರಗಟ್ಟಲೆ ಒಣಗಿಸಬೇಕು. ಇವರು ಒಡೆಯುವುದಿಲ್ಲ, ಮುಚ್ಚುತ್ತಾರೆ. ನಲವತ್ತು ವರ್ಷ ಬ್ಯಾಂಕಿನಲ್ಲಿ ಅದನ್ನೇ ಮಾಡಿದವರಲ್ಲವಾ!

ನಾನು: ಅಂದರೆ?

ದೋಣಿ: ಬಾರದ ಸಾಲಕ್ಕೆ ಹೊಸ ಸಾಲ ಕೊಟ್ಟು ಮಾರ್ಚ್ 31 ದಾಟಿಸುವುದು. ಖಾತೆ ಮೇಲಿನಿಂದ ಪಳಪಳ ಹೊಳೆಯುತ್ತಿದ್ದರೆ ಆಯಿತು, ಲೆಕ್ಕಪರಿಶೋಧಕರು ಚಹಾ ಕುಡಿದು ಹೋಗುತ್ತಾರೆ. ನನ್ನ ಲೆಕ್ಕಪರಿಶೋಧಕ ಅಲೆ. ಅದು ಚಹಾ ಕುಡಿಯುವುದಿಲ್ಲ.

ನಾನು: ಸೀಮೆಎಣ್ಣೆಯ ಬಗ್ಗೆ ನಿಮ್ಮ ಅಭಿಪ್ರಾಯ? ನಾಡದೋಣಿಯವರು ವರ್ಷಗಳಿಂದ ಸಬ್ಸಿಡಿ ಸೀಮೆಎಣ್ಣೆಗಾಗಿ ಮನವಿ ಕೊಡುತ್ತಲೇ ಇದ್ದಾರೆ...

ದೋಣಿ: ಅದನ್ನು ಎಂಜಿನ್ ಹತ್ತಿರ ಕೇಳಿ, ಆಚೆ ಕೊಟ್ಟಿಗೆಯಲ್ಲಿ ಗೋಣಿ ಹೊದ್ದು ಮಲಗಿದೆ. ನಾನು ಪುಟ್ಟಿಯ ವಿಷಯ ಹೇಳುತ್ತಿದ್ದೆ. ನನ್ನ ಹಿಂಬದಿಗೆ ಬನ್ನಿ. ಎಂಜಿನ್ ಕೂರಿಸುವ ಹಲಗೆ ಕಂಡಿತಾ? ಕೈಯಲ್ಲಿ ಸುತ್ತಿಗೆ ಉಂಟಲ್ಲ, ತಟ್ಟಿ ಕಾಣಿ.

ತಟ್ಟಿದೆ. ಬದಿಯಲ್ಲಿ ‘ಟಣ್’ ಎಂದಿತು, ಒಂದು ಗೇಣು ಈಚೆಗೂ ‘ಟಣ್’. ನಡುವೆ, ಎಂಜಿನ್ನಿನ ಹಿಡಿಕೆ ಕಚ್ಚಿಕೊಳ್ಳುವ ಜಾಗಕ್ಕೆ ಬಂದಾಗ ‘ದಪ್’. ಹೊಸ ಬಿಳಿ ಬಣ್ಣದ ಮೇಲೆ ನನ್ನ ಮುಖ ಕಾಣುವಷ್ಟು ಹೊಳಪಿತ್ತು. ಕೆಳಗಿನ ಹಳೇ ಬೋಲ್ಟಿನ ತೂತಿಗೆ ಸ್ಕ್ರೂಡ್ರೈವರ್ ತೂರಿಸಿದರೆ ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆಳೆದಾಗ ಡಿಕಾಕ್ಷನ್ ಬಣ್ಣದ ನೀರು ತೊಟ್ಟಿಕ್ಕಿತು. ಅದರ ಹಿಂದೆಯೇ ಕೊಳೆತ ಎಲೆಯ ವಾಸನೆ.

ದೋಣಿ: ಕಂಡಿರಾ? ಫೈಬರ್ ಕೊಳೆಯುವುದಿಲ್ಲ ಎನ್ನುತ್ತಾರೆ ಎಲ್ಲರೂ. ಫೈಬರ್ ಕೊಳೆಯುವುದಿಲ್ಲ, ನಿಜ. ಅದರ ಎರಡು ಪದರದ ನಡುವೆ ಇಟ್ಟದ್ದು ಪ್ಲೈವುಡ್. ಯಾವನೋ ಬೋಲ್ಟಿಗೆ ತೂತು ಕೊರೆದವನು ಅಂಚಿಗೆ ರೆಸಿನ್ ಹಚ್ಚಲಿಲ್ಲ. ಅಲ್ಲಿಂದ ನೀರು ಇಳಿಯಿತು. ಹೊರಗೆ ಹೋಗಲು ದಾರಿ ಇಲ್ಲ, ಒಳಗೇ ಕೂತು ಮರವನ್ನು ತಿಂದಿತು. ದೋಣಿಯನ್ನು ನೂಕುವ ಬಲವೆಲ್ಲ ಬೀಳುವುದು ಆ ಹಲಗೆಯ ಮೇಲೆ. ಒಂದು ದೊಡ್ಡ ಅಲೆ ಹತ್ತಿ ಇಳಿಯುವಾಗ ಎಂಜಿನ್ ಕಳಚಿಕೊಂಡು ನೀರಿಗೆ ಹೋದರೆ ರಾಯರು ಯಾವ ಪುಟ್ಟಿ ಹಚ್ಚುತ್ತಾರೆ?

ನಾನು: ಸರಿಯಾದ ರಿಪೇರಿ ಹೇಗೆ?

ದೋಣಿ: ಒಳಗಿನ ಪದರ ಕೊಯ್ದು ತೆಗೆಯಬೇಕು, ಕೊಳೆತ ಹಲಗೆಯನ್ನು ಕೊನೆಯ ಚೂರಿನವರೆಗೂ ಕೆರೆಯಬೇಕು, ಒಣಗಿಸಬೇಕು. ಹೊಸ ಮೆರೈನ್ ಪ್ಲೈವುಡ್ ಕೂರಿಸಿ, ಸುತ್ತಲಿನ ಹಳೇ ಫೈಬರ್ ಅಂಚನ್ನು ಇಳಿಜಾರಾಗಿ ತಿಕ್ಕಬೇಕು. ದಪ್ಪಕ್ಕೆ ಹನ್ನೆರಡು ಪಟ್ಟು ಅಗಲ ತಿಕ್ಕು ಎನ್ನುತ್ತಾರೆ ಕೆಲಸ ಗೊತ್ತಿದ್ದವರು. ಆಮೇಲೆ ಗಾಜಿನ ನೂಲಿನ ಮ್ಯಾಟ್ ಪದರ ಪದರವಾಗಿ. ಹಳೇ ಮೈಗೆ ಎಪಾಕ್ಸಿ ಹಿಡಿದಷ್ಟು ಗಟ್ಟಿಯಾಗಿ ಪಾಲಿಯೆಸ್ಟರ್ ಹಿಡಿಯುವುದಿಲ್ಲ, ಆದರೆ ಎಪಾಕ್ಸಿ ದುಬಾರಿ. ರಾಯರು ದುಡ್ಡನ್ನು ಸ್ಪೀಕರಿಗೆ ಹಾಕಿದ್ದಾರೆ.

ನಾನು: ಸ್ಪೀಕರ್?

ದೋಣಿ: ಹಾಡಿಗೆ. ನನ್ನ ಮೂತಿಯ ಹತ್ತಿರ ಎರಡು ತೂತು ಕೊರೆದಾಗಿದೆ. ಅಂಚಿಗೆ ರೆಸಿನ್ ಹಚ್ಚಿಲ್ಲ.

ನಾನು: ಅವರು ಯಾರ ಹತ್ತಿರ ಕಲಿತದ್ದು?

ದೋಣಿ: ಫೋನಿನ ಹತ್ತಿರ. ಮಲ್ಪೆಯಿಂದ ಭಟ್ಕಳದವರೆಗೆ ಫೈಬರ್ ಕೆಲಸದವರಿದ್ದಾರೆ, ಒಬ್ಬರನ್ನೂ ಕರೆಯಲಿಲ್ಲ. ವಿಡಿಯೊದಲ್ಲಿ ಮಿನೆಸೋಟದ ಯಾವನೋ ಹೇಳಿದ, ಚಳಿಗಾಲದ ಮೊದಲು ಎಂಜಿನ್ನಿನ ನೀರೆಲ್ಲ ಬಸಿದು ಹೆಪ್ಪುಗಟ್ಟದ ದ್ರವ ತುಂಬಿ, ಇಲ್ಲದಿದ್ದರೆ ಎಂಜಿನ್ ಸೀಳುತ್ತದೆ ಅಂತ. ತರಿಸಿಬಿಟ್ಟರು! ಹ್ವಾಯ್, ನಮ್ಮೂರಲ್ಲಿ ಡಿಸೆಂಬರಿನ ಮುಂಜಾನೆ ಒಂದು ಬೈರಾಸು ಹೊದ್ದರೆ ಚಳಿ ಮುಗಿಯಿತು. ಅವನು ಮಳೆಗಾಲದ ಮಾತು ಹೇಳಲಿಲ್ಲ, ಅವನಿಗೆ ಗೊತ್ತಿದ್ದರಲ್ಲವಾ. ಹೋದ ಜುಲೈಯಲ್ಲಿ ತಾಡಪಾಲು ಕಟ್ಟಿ ರೆಸಿನ್ ಹಚ್ಚಲು ಹೊರಟರು. ನೂರು ಗ್ರಾಂ ರೆಸಿನ್ನಿಗೆ ಹಾರ್ಡ್‌ನರ್ ಒಂದೋ ಎರಡೋ ಗ್ರಾಂ ಸಾಕು. ಇವರು ಕಣ್ಣಂದಾಜಿನಲ್ಲಿ ಸುರಿದರು. ಬಕೆಟ್ ಹೊಗೆ ಬಿಟ್ಟು ಕರಗಿ ಕೂತಿತು. ಮರುದಿನ ಹೆದರಿ ತೀರಾ ಕಡಿಮೆ ಹಾಕಿದರು. ಆ ತಂಡಿ ಗಾಳಿಗೆ ಅದು ಗಟ್ಟಿಯಾಗಲೇ ಇಲ್ಲ, ಹಲಸಿನ ಅಂಟು ಅಂಟು. ಕಟ್ಟಿರುವೆಗಳು ಸಾಲಾಗಿ ಬಂದು ಹಿಡಿದುಕೊಂಡವು. ಅವುಗಳ ಮೇಲೆಯೇ ಪುಟ್ಟಿ! ಎಡಬದಿಗೆ ಕೈಯಾಡಿಸಿ, ಈಗಲೂ ಸಾಲು ಸಿಗುತ್ತದೆ.

(ಸಿಕ್ಕಿತು.)

ನಾನು: ಗ್ರೈಂಡರ್ ಧೂಳಿನ ಬಗ್ಗೆ ನಮ್ಮ ಮನೆಯಿಂದ ಒಂದು ದೂರಿದೆ.

ದೋಣಿ: ಹಪ್ಪಳ ಹೋದದ್ದಕ್ಕೆ ಬೇಜಾರಿದೆ. ಆದರೆ ನಿಮ್ಮದು ಒಂದು ಚಾಪೆ. ಗ್ರೈಂಡರ್ ಹಿಡಿಯಲು ಬರುವ ಹುಡುಗನನ್ನು ನೋಡಿದ್ದೀರಾ? ಲುಂಗಿಯ ತುದಿಯನ್ನು ಮೂಗಿಗೆ ಕಟ್ಟಿಕೊಂಡು ದಿನವಿಡೀ ಗಾಜಿನ ಪುಡಿ ಕುಡಿಯುತ್ತಾನೆ. ಮಿನೆಸೋಟದವನ ಮುಖಕ್ಕೆ ಎರಡು ಡಬ್ಬಿಯ ಮಾಸ್ಕ್ ಇತ್ತು. ರಾಯರು ಆ ವಿಡಿಯೊದಲ್ಲಿ ಅದೊಂದನ್ನು ಮಾತ್ರ ಓಡಿಸಿಬಿಟ್ಟರು.

ನಾನು: ಧೂಳು ಎಂದಾಗ ನೆನಪಾಯಿತು. ಹೆದ್ದಾರಿಯ ಕೆಲಸದ ಧೂಳು ಇದಕ್ಕಿಂತ ಹೆಚ್ಚಲ್ಲವೇ? ಮರವಂತೆಯಲ್ಲಿ ಒಂದು ಬದಿ ಕಡಲು, ಒಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ 66. ಜಗತ್ತೇ ಬಂದು ಫೋಟೊ ತೆಗೆಯುವ ಜಾಗ. ಅಲ್ಲಿ ಪಾದಚಾರಿ ರಸ್ತೆ ದಾಟುವುದಾದರೂ ಹೇಗೆ? ಸರ್ವಿಸ್ ರಸ್ತೆ ಅರ್ಧಕ್ಕೆ ನಿಂತರೆ ಟೋಲ್ ಯಾಕೆ ಪೂರ್ತಿ? ನಿಮ್ಮ ಬುಡದಲ್ಲಿ ಇಷ್ಟುದ್ದ ಬಿರುಕಿದೆಯಲ್ಲ, ಅದು ಹೆದ್ದಾರಿಯ ಹೊಂಡಕ್ಕೆ ಲಾರಿ ಎತ್ತಿಹಾಕಿದಾಗ ಆದದ್ದು ಎಂದು ಬರೆದುಕೊಳ್ಳಲೇ?

ದೋಣಿ: ಬರೆದುಕೊಳ್ಳಬೇಡಿ. ಅದು ಅಳಿವೆಯಲ್ಲಿ ಆದದ್ದು.

ನಾನು: ಅಳಿವೆಯಲ್ಲಿ?

ದೋಣಿ: ಐದು ಹೊಳೆ ಸೇರಿ ಕಡಲಿಗೆ ಬೀಳುವ ಬಾಗಿಲು ಅದು, ಪಂಚಗಂಗಾವಳಿ. ಐದೂ ಹೊಳೆಗಳು ಮಣ್ಣು ತರುತ್ತವೆ. ಕಡಲು ಮರಳು ತಂದು ಒಡ್ಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆ ರಜೆ. ಹತ್ತು ಅಶ್ವಶಕ್ತಿಯೊಳಗಿನ ಎಂಜಿನ್ ಇಟ್ಟುಕೊಂಡ ನಮಗೆ ಮಾತ್ರ ಹೋಗಲು ಬಿಡುತ್ತಾರೆ. ದೊಡ್ಡ ಬೋಟುಗಳು ದಡದಲ್ಲಿ ಕೂರುವ ಎರಡು ತಿಂಗಳು, ಅಂಥಾ ಕಡಲಿಗೆ, ಇಷ್ಟು ಸಣ್ಣ ನಾವು. ಸಿಗಡಿ ಬಂತು, ಬೂತಾಯಿ ಬಂತು ಎಂದು ಹೊರಡುತ್ತೇವೆ. ಹೋಗುವಾಗ ಭರತ, ನೀರು ತುಂಬಿರುತ್ತದೆ. ವಾಪಸ್ ಬರುವಾಗ ಇಳಿತ. ಮೀನು ತುಂಬಿದ ದೋಣಿ ಆಳಕ್ಕೆ ಕೂತಿರುತ್ತದೆ, ಹಿಂದಿನಿಂದ ಅಲೆ ಎತ್ತುತ್ತದೆ, ಎತ್ತಿದ್ದು ಮರಳ ದಿಬ್ಬದ ಮೇಲೆ ಹಾಕುತ್ತದೆ. ಮೂತಿ ನೆಟ್ಟಿತು, ಹಿಂಬದಿ ತಿರುಗಿತು, ಮುಂದಿನ ಅಲೆ ಅಡ್ಡಕ್ಕೆ ಬಂತು. ಅಷ್ಟೇ. ಎಣಿಸಲು ಸಮಯವಿಲ್ಲ.

ನಾನು: ನಿಮ್ಮಲ್ಲಿದ್ದವರು?

ದೋಣಿ: ಮುಂದಿನ ಪ್ರಶ್ನೆ ಕೇಳಿ.

ಕೇಳಲಿಲ್ಲ. ತಮಾಷೆಗೆಂದು ಬರೆದುಕೊಂಡು ಹೋಗಿದ್ದ ಪ್ರಶ್ನೆಗಳ ಚೀಟಿಯನ್ನು ಜೇಬಿಗೆ ಹಾಕಿದೆ.

ಪ್ರತಿ ಮಳೆಗಾಲ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಈ ಸುದ್ದಿ ಬರುತ್ತದೆ. ಅಳಿವೆಯಲ್ಲಿ ದೋಣಿ ಮಗುಚಿತು, ಇಷ್ಟು ಜನ ಈಜಿ ದಡ ಸೇರಿದರು, ಒಬ್ಬರು ನಾಪತ್ತೆ. ಊರಿನ ಹೆಸರಷ್ಟೇ ಬದಲಾಗುತ್ತದೆ. ಒಮ್ಮೆ ಕೋಡಿಬೆಂಗ್ರೆ, ಒಮ್ಮೆ ಗಂಗೊಳ್ಳಿ, ಒಮ್ಮೆ ಹೊನ್ನಾವರ. ಮರುದಿನ ಜನಪ್ರತಿನಿಧಿಗಳು ಬರುತ್ತಾರೆ, ಪರಿಹಾರದ ಚೆಕ್ಕಿನ ಫೋಟೊ ಬರುತ್ತದೆ, ಹೂಳೆತ್ತಲು ಪ್ರಸ್ತಾವನೆ ಸಲ್ಲಿಸಲಾಗಿದೆ ಎಂಬ ಸಾಲೂ ಬರುತ್ತದೆ. ಕಲ್ಲು ಪೇರಿಸಿ ಬ್ರೇಕ್‌ವಾಟರ್ ಕಟ್ಟಿದ್ದೇವೆ ಎನ್ನುತ್ತಾರೆ. ಕಟ್ಟಿದ್ದು ಸರಿ, ಆದರೆ ಕಲ್ಲು ಕಟ್ಟಿದ ಮಾತ್ರಕ್ಕೆ ಹೊಳೆ ಮಣ್ಣು ತರುವುದನ್ನು ನಿಲ್ಲಿಸುವುದಿಲ್ಲ. ಹೂಳು ವರ್ಷವರ್ಷವೂ ತೆಗೆಯಬೇಕಾದದ್ದು. ಇದು ತಿಳಿಯಲು ತಜ್ಞರ ಸಮಿತಿ ಬೇಡ, ದಡದಲ್ಲಿ ಬಲೆ ಹೆಣೆಯುವ ಯಾವ ಅಜ್ಜನನ್ನು ಕೇಳಿದರೂ ಹೇಳುತ್ತಾನೆ. ರಾಯರು ಹಚ್ಚುವ ಪುಟ್ಟಿಗೆ ನಾನು ನಗಬಲ್ಲೆ. ಈ ಪುಟ್ಟಿಗೆ ನಗು ಬರುವುದಿಲ್ಲ, ಇದರ ಕೆಳಗೆ ಹೆಣಗಳಿವೆ.

ತುಸು ಹೊತ್ತಿನ ಮೇಲೆ ದೋಣಿಯೇ ಮಾತು ತೆಗೆಯಿತು.

ದೋಣಿ: ಇನ್ನೊಂದು ಹೇಳಿ ಮುಗಿಸುತ್ತೇನೆ. ರಾಯರಿಗೆ ಬೇಸರ ಬಂದ ದಿನ ನನ್ನ ಗತಿ ಏನು ಗೊತ್ತಾ? ಕಬ್ಬಿಣದ ಬೋಟಾದರೆ ಗುಜರಿಯವನು ತೂಕ ಹಾಕಿ ಒಯ್ಯುತ್ತಾನೆ. ಮರದ್ದಾದರೆ ಬಚ್ಚಲ ಒಲೆಗಾದರೂ ಆದೀತು. ನಾನು ಒಮ್ಮೆ ಗಟ್ಟಿಯಾದ ರೆಸಿನ್, ಕರಗಿಸಿ ಮತ್ತೊಂದು ಮಾಡಲು ಬರುವುದಿಲ್ಲ. ಸುಟ್ಟರೆ ವಿಷದ ಕಪ್ಪು ಹೊಗೆ. 2023ರ ನವೆಂಬರಿನಲ್ಲಿ, ದೀಪಾವಳಿ ಹೊತ್ತಿಗೆ, ಗಂಗೊಳ್ಳಿಯಲ್ಲಿ ನಿಲ್ಲಿಸಿದ್ದ ಬೋಟುಗಳಿಗೆ ಬೆಂಕಿ ಬಿದ್ದದ್ದು ನೆನಪುಂಟಲ್ಲ? ಹಾಗಾಗಿ ನನ್ನಂಥವರು ಹೊಳೆಯ ಬದಿಯಲ್ಲಿ, ಕಾಂಡ್ಲಾ ಗಿಡದ ಬುಡದಲ್ಲಿ ಬಾಯಿ ತೆರೆದು ಬಿದ್ದಿರುತ್ತೇವೆ, ಸೊಳ್ಳೆ ಸಾಕಿಕೊಂಡು. ಅದಕ್ಕಿಂತ ರಿಪೇರಿ ಒಳ್ಳೆಯದು. ಆ ಮಟ್ಟಿಗೆ ರಾಯರ ಮೇಲೆ ನನಗೆ ಸಿಟ್ಟಿಲ್ಲ. ಪುಟ್ಟಿ ಬಿಟ್ಟು ಹಲಗೆ ತೆಗೆಯಲಿ, ಅಷ್ಟೇ.

ಅಷ್ಟರಲ್ಲಿ ರಾಯರ ಕಾರು ಬಂತು. ಡಿಕ್ಕಿ ತೆರೆದು ಐದು ಕಿಲೋದ ಎರಡು ಡಬ್ಬಿ ಇಳಿಸಿದರು. ಎರಡೂ ಪುಟ್ಟಿ. ರೆಸಿನ್ ಎಲ್ಲಿ ಎಂದು ಕೇಳಿದೆ. ಆ ಅಂಗಡಿಗೆ ಹೋಗಬೇಕಾದರೆ ಸರ್ವಿಸ್ ರಸ್ತೆಯಲ್ಲಿ ಮುಂದೆ ಹೋಗಿ ತಿರುಗಿ ಬರಬೇಕು, ಯಾರಿಗೆ ಬೇಕು ಆ ಸಹವಾಸ ಎಂದರು. ಹೆದ್ದಾರಿಯ ವಿಷಯದಲ್ಲಿ ನಾನು ಸುಮ್ಮಸುಮ್ಮನೆ ಬರೆಯುವುದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಹಳೇ ಫೈಬರ್ ದೋಣಿ ಕೊಳ್ಳುವವರಲ್ಲಿ ವಿನಂತಿ: ಹೊಳಪು ನೋಡಬೇಡಿ, ಸುತ್ತಿಗೆ ಒಯ್ಯಿರಿ, ಹಿಂಬದಿ ಹಲಗೆ ತಟ್ಟಿ. ಗ್ರೈಂಡರ್ ಹಿಡಿಯುವವನಿಗೆ ಸರಿಯಾದ ಮಾಸ್ಕ್ ಕೊಡಿಸಿ, ಹಪ್ಪಳದ ದಿನಗಳಲ್ಲಿ ನೆರೆಮನೆಗೆ ಒಂದು ಮಾತು ಹೇಳಿ. ಬಂದರು ಮತ್ತು ಮೀನುಗಾರಿಕೆ ಇಲಾಖೆಗಳಲ್ಲಿ ಕೂತಿರುವವರಲ್ಲಿ ಇನ್ನೊಂದು ವಿನಂತಿ: ಅಳಿವೆಯ ಹೂಳು ತೆಗೆಯುವುದಿದ್ದರೆ ಮೇ ಮುಗಿಯುವುದರೊಳಗೆ ತೆಗೆಯಿರಿ. ಮಳೆ ಹಿಡಿದ ಮೇಲೆ ಆ ಬಾಗಿಲಿಗೆ ಹೂಳೆತ್ತುವ ಯಂತ್ರ ಇಳಿಯುವುದಿಲ್ಲ, ನಾಡದೋಣಿಗಳು ಇಳಿಯುತ್ತವೆ.