ಚಳ್ಳಕೆರೆ–ಮೊಳಕಾಲ್ಮುರು ಪ್ರಾಂತ್ಯದ ಭಯಶಾಸ್ತ್ರ: ಒಂದು ಅಧಿಕಪ್ರಸಂಗಿ ಪ್ರಬಂಧ

ಭಯದ ಲೆಕ್ಕಪತ್ರವೆಲ್ಲ ಮೆದುಳಿನ ಒಳಗಡೆ ಬಾದಾಮಿಯಂತಿರುವ ಅಮಿಗ್ಡಲಾದಲ್ಲಿ ನಡೆಯುತ್ತದೆಂದು ಪಂಡಿತರ ಮತ. ಈ ಶೋಧ ಎಣ್ಣೆ ನಗರವಾದ ಚಳ್ಳಕೆರೆಯಲ್ಲೇ ನಡೆದಿದ್ದರೆ ಅದು ಶೇಂಗಾ ಬೀಜದಂತಿದೆ ಎಂದೇ ದಾಖಲಾಗುತ್ತಿತ್ತು. ಇರಲಿ.

ಪೂರ್ವಪಕ್ಷ ಹೀಗಿದೆ. 1915ರಲ್ಲಿ ಹಾರ್ವರ್ಡಿನ ವಾಲ್ಟರ್ ಕ್ಯಾನನ್ ಎಂಬಾತ, ಹೆದರಿದ ಪ್ರಾಣಿ ಕಾದಾಡುತ್ತದೆ ಇಲ್ಲವೇ ಓಟ ಕೀಳುತ್ತದೆ ಎಂದು ಪ್ರತಿಪಾದಿಸಿದ. ಅಡ್ರಿನಲಿನ್ ನುಗ್ಗಿ ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆಯ ಪಾಲಿನ ರಕ್ತ ಕೈಕಾಲಿಗೆ ತಿರುಗುತ್ತದೆ. ಇದನ್ನು ನಾವು ಖಂಡಿಸುತ್ತೇವೆ.

ಕ್ಯಾನನ್‌ಗೆ ಕಾಲು ಯಾವ ದಿಕ್ಕಿಗೆ ಓಡುತ್ತದೆಂಬುದು ಗೊತ್ತಿರಲಿಲ್ಲ. 2019ರ ಸೆಪ್ಟೆಂಬರ್ 17ರಂದು ರಕ್ಷಣಾ ಸಂಶೋಧನಾ ಸಂಸ್ಥೆಯ ರುಸ್ತುಂ-2 ಎಂಬ ಚಾಲಕರಹಿತ ವಿಮಾನ ಪರೀಕ್ಷಾ ಹಾರಾಟದಲ್ಲಿದ್ದಾಗ ಚಳ್ಳಕೆರೆ ತಾಲ್ಲೂಕಿನ ಜೋಡಿಚಿಕ್ಕೇನಹಳ್ಳಿ ಬಳಿ ತೋಟಕ್ಕೆ ಬಿತ್ತು. ಆಕಾಶದಿಂದ ಯಂತ್ರ ಬಿದ್ದರೆ ಶಾಸ್ತ್ರದ ಪ್ರಕಾರ ಜನ ದೂರ ಓಡಬೇಕು. ಜನ ಸುತ್ತ ನೆರೆದರು. ರಕ್ತ ಕಾಲಿಗೆ ಹರಿದದ್ದು ಖರೆ. ಅಷ್ಟರ ಮಟ್ಟಿಗೆ ಕ್ಯಾನನ್ ಬಚಾವು.

ಇನ್ನು ಕರಡಿ. ಡಾರ್ವಿನ್ ಲಂಡನ್ನಿನ ಮೃಗಾಲಯದಲ್ಲಿ, ಏನೇ ಆದರೂ ಬೆಚ್ಚಬಾರದೆಂದು ಪಣ ತೊಟ್ಟು, ವಿಷದ ಹಾವಿದ್ದ ಗಾಜಿಗೆ ಮುಖವೊಡ್ಡಿದ. ಹಾವು ಎರಗಿದ್ದೇ ತಡ, ಹಿಂದಕ್ಕೆ ನೆಗೆದ. ಮೊಳಕಾಲ್ಮುರಿನ ಹೊಲಗಳಲ್ಲಿ ಗಾಜಿನ ಸೌಕರ್ಯವಿಲ್ಲ. ಕಲ್ಲುಗುಡ್ಡದ ಕರಡಿ ರಾತ್ರಿ ಇಳಿದು ಬರುವ ಹೊತ್ತಿಗೇ ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟೂ ಬರುತ್ತದೆ.

"ಕರಡಿ ಐತಂತೆ ಕಣಪ್ಪ, ಬೆಳಕರದ ಮ್ಯಾಲೆ ಹೋಗು."

"ಬೆಳಕರದ್ರೆ ಕರೆಂಟು ಇರಲ್ಲ ಕಣವ್ವ."

ಇಷ್ಟು ಹೇಳಿ ಮಗ ಬ್ಯಾಟರಿ ಹಿಡಿದು, ಸುಮ್ಮನೆ ಕೆಮ್ಮುತ್ತಾ, ಮೋಟರು ಹಾಕಲು ಹೊರಡುತ್ತಾನೆ. ಆ ಕೆಮ್ಮು ಶಾಸ್ತ್ರಸಮ್ಮತ. ಕರಡಿಗೆ ಕಣ್ಣು ಮಂದ. ಮನುಷ್ಯ ತೀರ ಹತ್ತಿರ ಬರುವವರೆಗೂ ತಿಳಿಯದೆ, ತಿಳಿದಾಗ ದಿಗಿಲುಬಿದ್ದು ಮೈಮೇಲೆ ಎರಗುತ್ತದೆ. ಅಂದರೆ ಕ್ಯಾನನ್ ಸಿದ್ಧಾಂತವನ್ನು ಚಾಚೂ ತಪ್ಪದೆ ಪಾಲಿಸುವ ಜೀವಿ ಈ ಪ್ರಾಂತ್ಯದಲ್ಲಿ ಅದೊಂದೇ. (ಇದೇ ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ, ಪ್ರಾಣಿಗಳಲ್ಲಿ ದಯೆಯಿರಲಿ ಎಂದು ಅಶೋಕ ಕೊರೆಸಿದ್ದಾನೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಕತ್ತಲಲ್ಲಿ ಕರಡಿ ಎದುರಾದರೆ ಏನು ಮಾಡಬೇಕೆಂಬ ಬಗ್ಗೆ ಸಾಮ್ರಾಟರು ಮೌನ.)

ಆದರೆ ಪ್ರಾಂತ್ಯದ ಮುಖ್ಯ ಭಯ ನೆಲದ ಮೇಲಿಲ್ಲ, ಕೆಳಗಿದೆ. ನೀರು ನೋಡುವವನ ಅಂಗೈಯಲ್ಲಿ ತೆಂಗಿನಕಾಯಿ ಎದ್ದು ನಿಂತ ಪಾಯಿಂಟಿನಲ್ಲಿ ತಿರುಚೆಂಗೋಡಿನ ಲಾರಿ ನಿಂತು ಬೋರು ಕೊರೆಯುತ್ತಿದೆ. ಮುನ್ನೂರು ಅಡಿ, ಧೂಳು. ಐನೂರು, ಧೂಳು. ಯಜಮಾನರು ಕುಕ್ಕರಗಾಲಲ್ಲಿ ಕೂತು, ಹಾರಿ ಬಿದ್ದ ಬಿಳಿ ಪುಡಿಯನ್ನು ಬೆರಳಲ್ಲಿ ಹೊಸಕಿ, ಪಕ್ಕದವನಿಗೆ ಹಿಡಿದು, "ತ್ಯಾವ ಐತಲ್ವೇನಲೇ?" ಎನ್ನುತ್ತಾರೆ. ಪಕ್ಕದವನು ಮೂಸಿ ನೋಡಿ "ಇರಂಗೈತೆ ಮಾವ" ಎನ್ನುತ್ತಾನೆ. ಅಡಿ ಲೆಕ್ಕದಲ್ಲಿ ಸಾಲ ಕೂಡುತ್ತಿದೆ. ಮೈ ಬೆವರಿದೆ, ಬಾಯಿ ಒಣಗಿದೆ. ಭಯದ ಲಕ್ಷಣಗಳೆಲ್ಲ ಪುಸ್ತಕದಲ್ಲಿರುವಂತೆಯೇ ಇವೆ. ಆದರೆ ಯಜಮಾನರು ಕಾದಾಡುವುದೂ ಇಲ್ಲ, ಓಡುವುದೂ ಇಲ್ಲ. "ಇನ್ನೊಂದೈವತ್ತಡಿ ಇಳಿಸ್ರಪ್ಪ" ಎನ್ನುತ್ತಾರೆ. ಹೆದರಿಕೆ ಹೆಚ್ಚಿದಷ್ಟೂ ಬೋರು ಆಳವಾಗುತ್ತದೆ. ಆದ್ದರಿಂದ ಕಾದಾಡು, ಓಡು ಎಂಬ ಎರಡರ ಪಕ್ಕದಲ್ಲಿ 'ಇಳಿಸು' ಎಂಬ ಮೂರನೆಯದನ್ನು ಜಗತ್ತಿನ ಪಠ್ಯಪುಸ್ತಕಗಳು ಸೇರಿಸಿಕೊಳ್ಳತಕ್ಕದ್ದು.

ಇಲಿಗೆ ಗಂಟೆ ಬಾರಿಸಿ ಶಾಕ್ ಕೊಟ್ಟು ಭಯ ಕಲಿಸುವ ಪ್ರಯೋಗಾಲಯಗಳಿಗೆ ಇದು ದಕ್ಕದು. ಅಲ್ಲಿ ಶಾಕ್ ನಿಲ್ಲಿಸಿ ಬರೀ ಗಂಟೆ ಬಾರಿಸುತ್ತಾ ಹೋದರೆ ಇಲಿ ಹೆದರುವುದನ್ನು ಬಿಡುತ್ತದೆ. ಇಲ್ಲಿ ಗುಡುಗು ಬಾರಿಸುತ್ತದೆ, ಮಳೆ ಬರುವುದಿಲ್ಲ. ಆದರೂ ಪ್ರತಿ ಗುಡುಗಿಗೂ ಜನ ಅಂಗಳಕ್ಕೆ ಬಂದು ಕತ್ತೆತ್ತುತ್ತಾರೆ. ಇಲಿಗಿರುವ ವಿವೇಕ ಇವರಿಗಿಲ್ಲವೆಂದು ಆಕ್ಷೇಪಿಸುವವರು ಒಂದು ಮುಂಗಾರು ಶೇಂಗಾ ಬಿತ್ತಿ ನೋಡಲಿ.

ದ್ವಿತೀಯ ಸಂಪುಟವು ಕರಡಿಯ ದೃಷ್ಟಿಯಿಂದ ರಚಿತವಾಗಲಿದೆ. ಕ್ಷೇತ್ರಕಾರ್ಯಕ್ಕೆ ಸಹಾಯಕರು ಬೇಕಾಗಿದ್ದಾರೆ. ಪದವಿ ಕಡ್ಡಾಯವಲ್ಲ; ಚೆನ್ನಾಗಿ ಕೆಮ್ಮಲು ಬರುವವರಿಗೆ ಆದ್ಯತೆ.