ಪಕ್ಕದ ಮನೆಗೆ ವರ್ಗಾವಣೆ

ಟೊರಾಂಟೊದಲ್ಲಿ ಮನೆ ಕೊಳ್ಳಲು ಹೊರಟವರಿಗೆ ಬ್ಯಾಂಕಿನವರು ಬಡ್ಡಿಯ ವಿಷಯ ಹೇಳುತ್ತಾರೆ, ದಲ್ಲಾಳಿ ಹತ್ತಿರದ ಶಾಲೆಯ ವಿಷಯ ಹೇಳುತ್ತಾನೆ, ನಮ್ಮವರು ವಾಸ್ತುವಿನ ವಿಷಯ ಹೇಳುತ್ತಾರೆ. ರಕೂನಿನ ವಿಷಯ ಮಾತ್ರ ಯಾರೂ ಬಾಯಿಬಿಡುವುದಿಲ್ಲ. ದೇವರಕೋಣೆ ಈಶಾನ್ಯಕ್ಕೆ ಬರುತ್ತದೆಯೇ ಎಂದು ಫೋನಿನ ದಿಕ್ಸೂಚಿ ಹಿಡಿದು ಮನೆಯೆಲ್ಲ ಸುತ್ತಿದವರು, ಸೂರಿನಂಚಿನ ಹಲಗೆ ಎಲ್ಲಾದರೂ ಸಡಿಲವಾಗಿದೆಯೇ ಎಂದು ತಲೆ ಎತ್ತಿ ನೋಡಿರುವುದಿಲ್ಲ. ರಕೂನು ನೋಡಿರುತ್ತದೆ. ನಾವು ಗೃಹಪ್ರವೇಶಕ್ಕೆ ಹಾಲು ಉಕ್ಕಿಸುವಷ್ಟರಲ್ಲಿ ಅದರ ಗೃಹಪ್ರವೇಶ ಆಗಿರುವುದೂ ಉಂಟು.

ಐದರಿಂದ ಹತ್ತು ಕಿಲೋ ತೂಗುವ ಬೂದು ಪ್ರಾಣಿ. ಬಾಲಕ್ಕೆ ಕಪ್ಪು ಬಳೆಗಳು, ಕಣ್ಣಿಗೆ ಕಪ್ಪು ಪಟ್ಟಿ. ಆ ಪಟ್ಟಿಯನ್ನು ನೋಡಿ ಎಲ್ಲರೂ ಕಳ್ಳ ಕಳ್ಳ ಎನ್ನುತ್ತಾರೆ. ನನಗೇನೋ ಮುಖಕ್ಕಿಂತ ಅದರ ಕೈ ಹೆಚ್ಚು ಕುತೂಹಲದ ವಸ್ತು. ಐದು ಉದ್ದನೆಯ ಬೆರಳುಗಳು. ನಮ್ಮ ಹಾಗೆ ಹೆಬ್ಬೆರಳನ್ನು ಎದುರು ತಂದು ಹಿಡಿಯಲು ಬಾರದು, ಆದರೂ ಯಾವ ಕೆಲಸವೂ ನಿಲ್ಲುವುದಿಲ್ಲ. ಸ್ಪರ್ಶಜ್ಞಾನಕ್ಕೆಂದು ಮೆದುಳಿನಲ್ಲಿರುವ ಜಾಗದ ದೊಡ್ಡ ಪಾಲು ಈ ಮುಂಗೈಗಳಿಗೇ ಮೀಸಲು. ಒದ್ದೆಯಾದರೆ ಚರ್ಮ ಇನ್ನಷ್ಟು ಚುರುಕಾಗುತ್ತದಂತೆ. ಒಂದು ರಾತ್ರಿ ಅಡುಗೆಮನೆಯ ಕಿಟಕಿಯಿಂದ ನೋಡಿದೆ: ಹಿತ್ತಿಲಿನ ಬಕೆಟ್ಟಿನ ನೀರಿನಲ್ಲಿ ಎರಡೂ ಕೈ ಅದ್ದಿ ಏನನ್ನೋ ತಡಕುತ್ತಿತ್ತು, ಕಣ್ಣು ಮಾತ್ರ ಬೀದಿಯ ಕಡೆ. ಜಗಲಿಯಲ್ಲಿ ಕೂತು ಊರಿನ ಸುದ್ದಿಯೆಲ್ಲ ಆಡುತ್ತ, ಕೈಯತ್ತ ಒಮ್ಮೆಯೂ ನೋಡದೆ ಮೊಳಗಟ್ಟಲೆ ಮಲ್ಲಿಗೆ ಕಟ್ಟುವ ಅಜ್ಜಿಯರ ಹಾಗೆ.

ಇಂಥ ಕೈಗೆ ಬೀಗ ಯಾವ ಲೆಕ್ಕ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಎಚ್. ಬಿ. ಡೇವಿಸ್ ಎಂಬ ಸಂಶೋಧಕರು ರಕೂನುಗಳ ಮುಂದೆ 13 ಬಗೆಯ ಚಿಲಕ, ಅಗುಳಿಗಳನ್ನು ಇಟ್ಟು ಪರೀಕ್ಷಿಸಿದರು. 11ನ್ನು ಅವು ಹತ್ತು ಪ್ರಯತ್ನದೊಳಗೆ ಬಿಡಿಸಿದವು. ಇದನ್ನು ಟೊರಾಂಟೊ ನಗರಸಭೆಯವರು ಓದಿದ್ದರೋ ಇಲ್ಲವೋ, 2016ರಲ್ಲಿ ಹಳೆಯ ಹಸಿಕಸದ ಡಬ್ಬಗಳ ಬದಲಿಗೆ ತಿರುಗಿಸುವ ಹಿಡಿಯಿದ್ದ ಹೊಸ ಹಸಿರು ಡಬ್ಬಗಳನ್ನು ಮನೆಮನೆಗೆ ಹಂಚಿದರು. ಮುಚ್ಚಳ ಮುಚ್ಚಿದರೆ ತಾನೇ ಬೀಗ ಬೀಳುತ್ತದೆ. ಒಟ್ಟು ಯೋಜನೆಗೆ ತಗಲಿದ್ದು ಸುಮಾರು 3.1 ಕೋಟಿ ಡಾಲರ್. ಅದಕ್ಕೆ ಮುಂಚೆ ಆಗಿನ ಮೇಯರ್ ಜಾನ್ ಟೋರಿ ಪತ್ರಕರ್ತರ ಮುಂದೆ ಈ ಡಬ್ಬವನ್ನು ಅನಾವರಣ ಮಾಡುತ್ತ, ಯುದ್ಧಕ್ಕೆ ಹೊರಟ ಅರಸನ ಗತ್ತಿನಲ್ಲಿ ಸೋಲೊಪ್ಪುವ ಮಾತೇ ಇಲ್ಲ ಎಂದಿದ್ದರು. ಎರಡು ವರ್ಷ ಕಳೆಯಿತು. 2018ರಲ್ಲಿ ಪತ್ರಕರ್ತೆಯೊಬ್ಬರ ಮನೆಯ ಹಿಂದಿನ ಓಣಿಯಲ್ಲೇ ಒಂದು ಹೆಣ್ಣು ರಕೂನು ಡಬ್ಬವನ್ನು ಉರುಳಿಸಿ, ಹಿಡಿ ತಿರುಗಿಸಿ, ಊಟಕ್ಕೆ ಕೂತದ್ದು ಕ್ಯಾಮೆರಾದಲ್ಲಿ ಸಿಕ್ಕಿಬಿತ್ತು.

ನ್ಯಾಯವಾಗಿ ಹೇಳಬೇಕೆಂದರೆ ಡಬ್ಬ ಕೆಟ್ಟದ್ದಲ್ಲ. ಅದನ್ನು ತೆಗೆಯಬಲ್ಲ ರಕೂನುಗಳು ಕಡಿಮೆ. ಕಸದ ಗಾಡಿ ಬರುವ ದಿನ ಬೆಳಿಗ್ಗೆಯೇ ಹೊರಗಿಟ್ಟರೆ ಮುಕ್ಕಾಲು ಪಾಲು ತಾಪತ್ರಯ ತಪ್ಪುತ್ತದೆ. ಆದರೆ ಸೊನ್ನೆಗಿಂತ ಕೆಳಗೆ ಇಳಿದ ಚಳಿಯಲ್ಲಿ ಬೆಳಿಗ್ಗೆ ಆರಕ್ಕೆ ಎದ್ದು ಡಬ್ಬ ಎಳೆಯುವವರು ಯಾರು? ರಾತ್ರಿಯೇ ಇಟ್ಟು ಮಲಗುತ್ತೇವೆ. ನಮ್ಮ ಮನೆಯ ಡಬ್ಬ ಯುಗಾದಿಯ ಮರುದಿನ ಹೀಗೆ ಉರುಳಿತ್ತು. ಹೋಳಿಗೆ ಖಾಲಿ. ಹಾಗಲಕಾಯಿ ಗೊಜ್ಜನ್ನು ಮಾತ್ರ ಒಂದು ಕಡೆ ಅಚ್ಚುಕಟ್ಟಾಗಿ ಸರಿಸಿಟ್ಟಿತ್ತು. ನಮ್ಮ ಮಕ್ಕಳೂ ಅದನ್ನೇ ಮಾಡಿದ್ದರು.

ಕಸದ ಡಬ್ಬ ಹೊರಗಿನ ಮಾತು. ಅಟ್ಟದ್ದು ಒಳಗಿನ ಮಾತು, ಕೊಂಚ ಸೂಕ್ಷ್ಮ. ಚಳಿಗಾಲ ಮುಗಿಯುವ ಹೊತ್ತಿಗೆ ಹೆಣ್ಣು ರಕೂನು ಬಸುರಾಗುತ್ತದೆ. 63 ದಿನದ ಗರ್ಭ. ಏಪ್ರಿಲ್, ಮೇ ಹೊತ್ತಿಗೆ ಹೆರಿಗೆ. ಬೆಚ್ಚಗಿನ, ಒಣಗಿದ, ಗಂಡುಗಳು ಬಾರದ ಜಾಗ ಬೇಕು. ಮೊದಲೆಲ್ಲ ಮರದ ಪೊಟರೆ ಹುಡುಕುತ್ತಿತ್ತು. ಈಗ ಮರ ಕಡಿದು ಅಲ್ಲಿ ನಾವು ಮನೆ ಕಟ್ಟಿದ್ದೇವೆ, ಅಟ್ಟದಲ್ಲಿ ಮೊಣಕಾಲುದ್ದ ಗಾಜುನಾರಿನ ಹಾಸಿಗೆಯನ್ನೂ ಹಾಸಿಟ್ಟಿದ್ದೇವೆ. ಮಲೆನಾಡಿನ ಹಳೆಮನೆಗಳಲ್ಲಿ ಬೆಳೆದವರಿಗೆ ಅಟ್ಟದಲ್ಲಿ ಕಬ್ಬೆಕ್ಕು ಓಡಾಡುವ ಸದ್ದು ಹೊಸದಲ್ಲ. ಇದು ಅದಕ್ಕಿಂತ ಭಾರದ ಹೆಜ್ಜೆ. ಅದರ ಜೊತೆಗೇ ಹಕ್ಕಿಮರಿಗಳ ಚಿಲಿಪಿಲಿಯಂಥ ದನಿ ಕೇಳಿತೆಂದರೆ, ಮೇಲೆ ಬಾಣಂತನ ನಡೆದಿದೆ ಎಂದೇ ಅರ್ಥ.

ನನ್ನವಳ ಮೊದಲ ಸಲಹೆ ಬೋನು ಇಟ್ಟು ಹಿಡಿದು ದೂರದ ಕಾಡಿಗೆ ಬಿಟ್ಟು ಬರುವುದು. ಆಂಟೇರಿಯೊದ ಕಾನೂನು ಅದಕ್ಕೆ ಒಪ್ಪುವುದಿಲ್ಲ: ಹಿಡಿದ ಜಾಗದಿಂದ ಒಂದು ಕಿಲೋಮೀಟರಿನೊಳಗೇ ಬಿಡಬೇಕು. ರೇಬೀಸಿನಂಥ ರೋಗ ಊರಿಂದೂರಿಗೆ ಹರಡಬಾರದು, ಗುರುತಿಲ್ಲದ ಸೀಮೆಯಲ್ಲಿ ಪ್ರಾಣಿಯೂ ಸಾಯಬಾರದು ಎಂಬ ಕಾಳಜಿ. ಒಂದು ಕಿಲೋಮೀಟರ್ ಎಂದರೆ ನಮ್ಮ ಮನೆಯಿಂದ ಕಾಫಿ ಅಂಗಡಿಯಷ್ಟು ದೂರ. ನಾನು ಕಾಫಿ ಕುಡಿದು ವಾಪಸಾಗುವ ಮೊದಲೇ ಅದು ಮನೆ ಸೇರಿರುತ್ತದೆ.

ಗೆಳೆಯರು ಮೆಣಸಿನಪುಡಿ ಎಂದರು. ಮನೆಯಲ್ಲಿದ್ದದ್ದು ಬ್ಯಾಡಗಿ, ಅದು ಬಣ್ಣಕ್ಕೆ ಸೈ, ಖಾರಕ್ಕಲ್ಲ. ರಕೂನಿನ ಪಾದ ಕೆಂಪಗಾಗುತ್ತಿತ್ತೇ ಹೊರತು ಬೇರೇನೂ ಆಗುತ್ತಿರಲಿಲ್ಲ. ಇನ್ನೊಬ್ಬರು ಪ್ಲಾಸ್ಟಿಕ್ ಗೂಬೆ ತಂದುಕೊಟ್ಟರು. ಅದನ್ನು ನಮ್ಮ ಮಗ ಎತ್ತಿಕೊಂಡ.

ಕೊನೆಗೆ ಬಂದವನು ಈ ಕೆಲಸವನ್ನೇ ಕಸುಬು ಮಾಡಿಕೊಂಡ ಗಟ್ಟಿಮುಟ್ಟಾದ ಆಳು. ಟಾರ್ಚ್ ಹಿಡಿದು ಅಟ್ಟ ಹತ್ತಿ ಇಳಿದು ಬಂದು, ಮರಿಗಳಿವೆ, ಈಗಲೇ ತೂತು ಮುಚ್ಚಬೇಡಿ ಎಂದ. ತಾಯಿ ಹೊರಗೆ, ಮರಿ ಒಳಗೆ ಎಂದಾದರೆ ಅವಳು ಚಾವಣಿಯನ್ನೇ ಕಿತ್ತು ಒಳಗೆ ಬರುತ್ತಾಳೆ. ಚಾವಣಿ ಉಳಿದರೆ ಮರಿಗಳು ಉಳಿಯುವುದಿಲ್ಲ. ಅವಳಿಗೆ ಹತ್ತಿರದಲ್ಲೇ ಇನ್ನೂ ಒಂದೆರಡು ಠಿಕಾಣಿಗಳು ಗೊತ್ತಿರುತ್ತವೆ. ಇಲ್ಲಿ ನೆಮ್ಮದಿ ಕೆಡಿಸಿದರೆ ಸಾಕು, ಮರಿಗಳನ್ನು ಒಂದೊಂದಾಗಿ ಕತ್ತು ಕಚ್ಚಿ ಹೊತ್ತುಕೊಂಡು ತಾನೇ ಹೋಗುತ್ತಾಳೆ. ಅದಕ್ಕೆ ಉಪಾಯ: ದೀಪ ಹಾಕಿಡಿ, ರೇಡಿಯೋ ಹಚ್ಚಿಡಿ. ಸಂಗೀತ ಬೇಡ, ಮನುಷ್ಯರು ಮಾತಾಡುವ ಕಾರ್ಯಕ್ರಮ ಇರಲಿ.

ಮನುಷ್ಯರು ಬಿಡುವಿಲ್ಲದೆ ಮಾತಾಡುವುದು ಎಂದ ಕೂಡಲೇ ತೀರ್ಥಹಳ್ಳಿ ಕಡೆಯವನಾದ ನನಗೆ ಬೇರೆ ಏನು ಹೊಳೆದೀತು? ಹಳೆಯದೊಂದು ತಾಳಮದ್ದಳೆಯ ಧ್ವನಿಮುದ್ರಣವಿತ್ತು, ಕೃಷ್ಣ ಸಂಧಾನ ಪ್ರಸಂಗ. ಸ್ಪೀಕರನ್ನು ಅಟ್ಟದ ಬಾಗಿಲಲ್ಲಿಟ್ಟು ಹಗಲೆಲ್ಲ ಹಚ್ಚಿದೆ. ಐದೇ ಊರು ಕೊಟ್ಟರೂ ಸಾಕೆಂದು ಕೃಷ್ಣ ವಾದಿಸುತ್ತಿದ್ದಾನೆ. ಸೂಜಿಮೊನೆಯಷ್ಟು ನೆಲವನ್ನೂ ಕೊಡೆನೆಂದು ದುರ್ಯೋಧನ ಗುಡುಗುತ್ತಿದ್ದಾನೆ. ಚಿಕ್ಕಂದಿನಿಂದ ಪಾಂಡವರ ಪಕ್ಷದಲ್ಲೇ ಕೂತು ಕೇಳಿದ ಪ್ರಸಂಗವಿದು. ಕೆಳಗೆ ಊಟದ ಮೇಜಿನ ಬಳಿ ಕೂತು ಕೇಳಿದಾಗ ಮಾತ್ರ ದುರ್ಯೋಧನನ ಮಾತಿನಲ್ಲೂ ಹುರುಳಿದೆ ಅನ್ನಿಸಿತು.

ತಾಯಿ ಹೊರಟುಹೋದಳು. ಅರ್ಥಧಾರಿಗಳ ಪ್ರತಾಪವೋ, ಅಮೋನಿಯಾದಲ್ಲಿ ಅದ್ದಿಟ್ಟ ಬಟ್ಟೆಯ ಘಾಟೋ ಹೇಳಲಾರೆ. ಆಮೇಲೆ ಆ ಕಸುಬುದಾರ ಬಂದು, ಒಳಗಿನಿಂದ ತಳ್ಳಿದರೆ ತೆರೆದು ಹೊರಗಿನಿಂದ ತೆರೆಯದ ಏಕಮುಖ ಬಾಗಿಲೊಂದನ್ನು ಒಂದಷ್ಟು ದಿನ ಕೂರಿಸಿ, ಅಟ್ಟ ಖಾಲಿಯೆಂದು ಖಾತ್ರಿಯಾದ ಮೇಲೆ ಗಟ್ಟಿ ತಂತಿಜಾಲರಿ ಹೊಡೆದ. ಹೊಗೆಗೂಡಿಗೆ ಮುಚ್ಚಳ ಬಂತು, ಚಾವಣಿಯ ಮೇಲೆ ಬಾಗಿದ್ದ ಮೇಪಲ್ ಕೊಂಬೆ ಹೋಯಿತು. ಪೋರ್ಚಿನ ಮಾಡಿನ ಮೇಲೆ ಅವು ಶೌಚಕ್ಕೆಂದು ಗೊತ್ತುಮಾಡಿಕೊಂಡಿದ್ದ ಮೂಲೆಯೊಂದಿತ್ತು. ಅದನ್ನು ಸುಮ್ಮನೆ ಪೊರಕೆಯಲ್ಲಿ ಗುಡಿಸುವಂತಿಲ್ಲ. ರಕೂನಿನ ಹಿಕ್ಕೆಯಲ್ಲಿ ಒಂದು ಬಗೆಯ ದುಂಡುಹುಳುವಿನ ಮೊಟ್ಟೆಗಳಿರುತ್ತವೆ. ಮನುಷ್ಯರ ಹೊಟ್ಟೆ ಸೇರಿದರೆ ಮರಿಹುಳು ಮೆದುಳಿಗೆ, ಕಣ್ಣಿಗೆ ಹೋಗಬಹುದು. ಕೈಗವಸು, ಮುಖಗವಸು ಹಾಕಿಕೊಂಡು, ಒದ್ದೆ ಮಾಡಿ ಎತ್ತಿ, ಕುದಿಯುವ ನೀರು ಸುರಿಯಬೇಕು. ಇಲ್ಲಿ ತಮಾಷೆಗೆ ಎಡೆಯಿಲ್ಲ.

ಹೋದದ್ದೆಲ್ಲಿಗೆ? ಯಾರ್ಕ್ ವಿಶ್ವವಿದ್ಯಾಲಯದ ಸುಝಾನ್ ಮ್ಯಾಕ್‌ಡೊನಾಲ್ಡ್ ಟೊರಾಂಟೊದ ರಕೂನುಗಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಹಿಂಬಾಲಿಸಿದವರು. ನಗರದ ರಕೂನು ದೊಡ್ಡ ರಸ್ತೆ ದಾಟಲು ಇಷ್ಟಪಡುವುದಿಲ್ಲ, ಕೆಲವೇ ಓಣಿಗಳೊಳಗೆ ಅದರ ಸಂಸಾರವೆಲ್ಲ ನಡೆಯುತ್ತದೆ ಎಂದು ಅವರು ಕಂಡುಕೊಂಡರು. ಅಂದರೆ ಈ ಊರಿನಲ್ಲಿ ರಕೂನು ಓಡಿಸುವುದೆಂದರೆ ಇಷ್ಟೆ: ನಮ್ಮ ಮನೆಯನ್ನು ಪಕ್ಕದ ಮನೆಗಿಂತ ಚೂರು ಅನಾನುಕೂಲ ಮಾಡುವುದು. ಸರ್ಕಾರಿ ನೌಕರಿ ಮಾಡಿದವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ. ಅದೇ ಹೋಬಳಿಯೊಳಗಿನ ವರ್ಗಾವಣೆ. ನಮ್ಮ ಮಲೆನಾಡಿನಲ್ಲೂ ನಡೆಯುವುದು ಇದೇ. ಒಂದು ಊರಿನವರು ಮಂಗ ಹಿಡಿಸಿ ರಾತ್ರೋರಾತ್ರಿ ಇನ್ನೊಂದು ಊರಿನ ಗಡಿಯಲ್ಲಿ ಬಿಡಿಸುತ್ತಾರೆ. ಆ ಊರಿನವರೂ ಸುಮ್ಮನಿರುವ ಪೈಕಿಯಲ್ಲ.

ಗಡಿ ದಾಟಿಸಿದವರ ಪಾಡು ಇನ್ನೂ ಸೊಗಸು. 1934ರಲ್ಲಿ ಜರ್ಮನಿಯ ಎಡರ್‌ಸೇ ಎಂಬಲ್ಲಿ ಎರಡು ಜೋಡಿ ರಕೂನುಗಳನ್ನು ಬೇಕೆಂದೇ ಕಾಡಿಗೆ ಬಿಟ್ಟರು. ಇವತ್ತು ಹತ್ತಿರದ ಕಾಸೆಲ್ ನಗರದವರು ಮಳೆನೀರಿನ ಕೊಳವೆಗೆ ತಗಡು ಸುತ್ತುತ್ತಿದ್ದಾರೆ. ಜಪಾನಿನಲ್ಲಿ 1977ರಲ್ಲಿ ಮುದ್ದು ರಕೂನಿನ ಕಾರ್ಟೂನ್ ಧಾರಾವಾಹಿಯೊಂದು ಬಂತು. ಮಕ್ಕಳು ಹಟ ಹಿಡಿದರು, ಅಪ್ಪಂದಿರು ಅಮೆರಿಕದಿಂದ ತರಿಸಿದರು. ಬೆಳೆದ ರಕೂನು ಸೋಫಾ ಹರಿದಾಗ ಅದೇ ಅಪ್ಪಂದಿರು ಕಾಡಿಗೆ ಬಿಟ್ಟು ಬಂದರು. ಅವುಗಳ ಸಂತತಿ ಈಗ ಹಳೆಯ ಮರದ ದೇಗುಲಗಳ ಕಂಬ ಹತ್ತಿ ಉಗುರಿನ ಗೀರು ಹಾಕುತ್ತಿದೆ.

ಇಷ್ಟೆಲ್ಲ ಬೈದುಕೊಂಡರೂ ಟೊರಾಂಟೊದವರಿಗೆ ಅದರ ಮೇಲೆ ಒಳಗೊಳಗೇ ಮೋಹ. 2015ರ ಜುಲೈನಲ್ಲಿ ಯಂಗ್ ಮತ್ತು ಚರ್ಚ್ ಬೀದಿಗಳು ಕೂಡುವಲ್ಲಿ ಒಂದು ರಕೂನು ಕಾಲುದಾರಿಯ ಮೇಲೆ ಸತ್ತು ಬಿದ್ದಿತ್ತು. ನಗರಸಭೆಗೆ ಬೆಳಿಗ್ಗೆಯೇ ತಿಳಿಸಿದರೂ ಗಾಡಿ ರಾತ್ರಿಯವರೆಗೆ ಬರಲಿಲ್ಲ. ಅಷ್ಟರಲ್ಲಿ ಜನ ಅದಕ್ಕೆ ಕಾನ್ರಾಡ್ ಎಂದು ಹೆಸರಿಟ್ಟು, ಹೂವಿಟ್ಟು, ಮೇಣದಬತ್ತಿ ಹಚ್ಚಿ, ಫ್ರೇಮು ಹಾಕಿದ ಫೋಟೋ ಇಟ್ಟು ಶ್ರದ್ಧಾಂಜಲಿ ಮುಗಿಸಿದ್ದರು. ಅಮೆರಿಕದವರೂ ಕಡಿಮೆಯಿಲ್ಲ. 1926ರಲ್ಲಿ ಅಧ್ಯಕ್ಷ ಕೂಲಿಡ್ಜ್ ಅವರಿಗೆ ಹಬ್ಬದ ಅಡುಗೆಗೆಂದು ಯಾರೋ ಮಿಸಿಸಿಪ್ಪಿಯಿಂದ ಜೀವಂತ ರಕೂನು ಕಳಿಸಿದರೆ, ಅವರು ಅದಕ್ಕೆ ರೆಬೆಕ್ಕಾ ಎಂದು ಹೆಸರಿಟ್ಟು ಶ್ವೇತಭವನದಲ್ಲೇ ಸಾಕಿಕೊಂಡರು.

ನಮ್ಮಲ್ಲಿಂದ ಹೊರಟ ಬಾಣಂತಿ ಪಕ್ಕದ ಪೋರ್ಚುಗೀಸ್ ಅಜ್ಜಿಯ ಮನೆಯ ಡೆಕ್ಕಿನ ಕೆಳಗೆ ಬಿಡಾರ ಹೂಡಿದಳು. ಅಜ್ಜಿ ದೂರಲಿಲ್ಲ. ಬೇಲಿಯ ಆಚೆಯಿಂದ ಕೂಗಿ ಕರೆದು, ನಿಮ್ಮ ಅಟ್ಟದಲ್ಲಿ ಕಿರುಚಾಡುತ್ತಿದ್ದರಲ್ಲ, ಅದನ್ನು ನನಗೂ ಸ್ವಲ್ಪ ಕೊಡಿ ಎಂದರು. ಕೊಟ್ಟೆ. ಎರಡು ದಿನ ಅವರ ಹಿತ್ತಿಲಲ್ಲಿ ಕೃಷ್ಣನೂ ಕೌರವನೂ ವಾದಿಸಿದರು. ಮೂರನೆಯ ದಿನ ಅಜ್ಜಿ ಮತ್ತೆ ಬೇಲಿಯ ಬಳಿ ಬಂದರು. ಒಂದು ಮಾತೂ ಅರ್ಥವಾಗದಿದ್ದರೂ ಕೂತು ಪೂರ್ತಿ ಕೇಳಿದರಂತೆ. ಇಬ್ಬರೂ ಯಾತಕ್ಕಾಗಿ ಅಷ್ಟು ಜಗಳಾಡುತ್ತಾರೆ ಎಂದು ಕೇಳಿದರು.

ಆಸ್ತಿ ವಿಚಾರ, ಎಂದೆ.