ಬಿಟ್ಟಿ ಸಲಹೆಯ ಸದುಪಯೋಗ

ನಮ್ಮಲ್ಲಿ ಮಳೆಗೆ ಬರ ಬಂದೀತು, ಬಿಟ್ಟಿ ಸಲಹೆಗೆ ಬರ ಬಂದದ್ದಿಲ್ಲ. ಬಸ್ಸಿನಲ್ಲಿ ಬೆನ್ನು ಹಿಡಿದುಕೊಂಡು ಕೂತರೆ ಸಾಕು, ಪಕ್ಕದವರು ಎಣ್ಣೆಯ ಹೆಸರು ಹೇಳುತ್ತಾರೆ; ಅದನ್ನು ಕಾಯಿಸಬೇಕೋ ಬೇಡವೋ ಎಂದು ಹಿಂದಿನ ಸೀಟಿನವರು ತಕರಾರು ತೆಗೆಯುತ್ತಾರೆ. ಮದುವೆ ಮನೆಯಲ್ಲಿ ಸಾರಿಗೂ ಪಾಯಸಕ್ಕೂ ನಡುವೆ ಯಾರದೋ ಮಗ ಮುಂದೆ ಏನು ಓದಬೇಕೆಂಬುದು ತೀರ್ಮಾನವಾಗಿಬಿಡುತ್ತದೆ. ಇಷ್ಟೊಂದು ಸಂಪತ್ತು ಸುಮ್ಮನೆ ಪೋಲಾಗುತ್ತಿದೆಯಲ್ಲ ಎಂದು ನನಗೆ ಬಹಳ ದಿನದ ಕೊರಗು.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂತು. ಊರೆಲ್ಲ ಅದರ ಜೊತೆ ಹರಟೆಗೆ ಕೂತಿದ್ದಾಗ, ಜರ್ಮನಿಯ ಲೈಯಾನ್ ಎಂಬ ಲಾಭರಹಿತ ಸಂಸ್ಥೆ ‘ಓಪನ್ ಅಸಿಸ್ಟೆಂಟ್’ ಎಂಬ ಯೋಜನೆ ಶುರುಮಾಡಿತು. ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ಓಪನ್ ಸೋರ್ಸ್ ಚಾಟ್‌ಬಾಟ್ ಒಂದನ್ನು ಕಟ್ಟುವುದು ಅವರ ಆಸೆ. ಅದಕ್ಕೆ ಬೇಕಾದ ಮಾತುಕತೆಯನ್ನು ಸ್ವಯಂಸೇವಕರೇ ಬರೆದುಕೊಡಬೇಕಿತ್ತು. ಗುರುತಿಲ್ಲದವರ ಪ್ರಶ್ನೆಗೆ ಸಂಬಳವಿಲ್ಲದೆ ಉತ್ತರ ಹೇಳುವ ಕೆಲಸ! ಹುಟ್ಟಿದಾರಭ್ಯ ನಾವು ತಾಲೀಮು ಮಾಡಿರುವುದೇ ಇದನ್ನಲ್ಲವೆ? ನಾನೂ ಹೆಸರು ಬರೆಸಿದೆ.

ಇಂಥ ಯಂತ್ರಗಳು ಬೆಟ್ಟದಷ್ಟು ಓದಿಕೊಂಡಿರುತ್ತವೆ. ಆದರೆ ಬರೀ ಓದಿನಿಂದ ಬರುವುದು ಮುಂದಿನ ಪದ ಊಹಿಸುವ ಜಾಣ್ಮೆ ಮಾತ್ರ. ಕೇಳಿದ್ದಕ್ಕೆ ನೆಟ್ಟಗೆ ಉತ್ತರಿಸುವುದನ್ನು ಮನುಷ್ಯರೇ ಬರೆದು ತೋರಿಸಬೇಕು. ಆದ್ದರಿಂದ ಅಲ್ಲಿ ಒಬ್ಬರು ಬಳಕೆದಾರರ ವೇಷ ಹಾಕಿ ಪ್ರಶ್ನೆ ಕೇಳುತ್ತಿದ್ದರು, ಇನ್ನೊಬ್ಬರು ಯಂತ್ರದ ವೇಷ ಹಾಕಿ ಉತ್ತರ ಬರೆಯುತ್ತಿದ್ದರು. ಮೂರನೆಯವರು ಉತ್ತರದ ಗುಣಮಟ್ಟ ಹೇಗಿದೆ, ಮಾತು ಒರಟಾಗಿದೆಯೇ, ತಮಾಷೆಯಿದೆಯೇ ಎಂದೆಲ್ಲ ಗುರುತು ಹಾಕುತ್ತಿದ್ದರು. ಹೆಚ್ಚು ದುಡಿದವರ ಹೆಸರು ಅಂಕಪಟ್ಟಿಯಲ್ಲಿ ಮೇಲೇರುತ್ತಿತ್ತು. ಮನುಷ್ಯರು ಯಂತ್ರದಂತೆ ನಟಿಸಿ, ಯಂತ್ರಕ್ಕೆ ಮನುಷ್ಯರಂತೆ ಮಾತಾಡಲು ಕಲಿಸುವ ಈ ಏರ್ಪಾಡು ಯಾವ ಪ್ರಹಸನಕ್ಕೂ ಕಡಿಮೆಯಿರಲಿಲ್ಲ.

ನನಗೆ ರುಚಿ ಹತ್ತಿದ್ದು ಒಂದೇ ಪ್ರಶ್ನೆಗೆ ಬಂದ ಉತ್ತರಗಳನ್ನು ಮೇಲೆ ಕೆಳಗೆ ಎಳೆದು ಸಾಲಾಗಿ ಜೋಡಿಸುವ ಕೆಲಸ. ಕುಂಡದ ಗಿಡ ಬಾಡುತ್ತಿದೆ, ಏನು ಮಾಡಲಿ ಎಂದು ಯಾರೋ ಕೇಳಿದ್ದಾರೆ ಅನ್ನಿ. ಒಂದು ಉತ್ತರ ದ್ಯುತಿಸಂಶ್ಲೇಷಣೆಯಿಂದ ಆರಂಭವಾಗಿ ಗಿಡ ಸತ್ತ ಮೇಲೂ ಮುಗಿಯುವಂತಿಲ್ಲ. ಇನ್ನೊಂದು, ಬೇರೆ ಗಿಡ ತನ್ನಿ ಎಂದು ಒಂದೇ ಏಟಿಗೆ ವ್ಯವಹಾರ ಮುಗಿಸುತ್ತದೆ. ಮೂರನೆಯದು ಮಾತ್ರ “ದಿನಕ್ಕೆಷ್ಟು ನೀರು ಹಾಕುತ್ತೀರಿ? ಬಿಸಿಲು ಬೀಳುವ ಜಾಗವೇ?” ಎಂದು ವಿಚಾರಿಸುತ್ತದೆ. ನಾನು ಇದನ್ನೇ ಮೇಲಕ್ಕೆಳೆಯುತ್ತಿದ್ದೆ. ಬಸ್ಸಿನಲ್ಲಿ ಎಣ್ಣೆ ಸೂಚಿಸಿದ ಒಬ್ಬರಾದರೂ ಬೆನ್ನಿನಲ್ಲಿ ಎಲ್ಲಿ ನೋವು ಎಂದು ಕೇಳಿದ್ದುಂಟೆ?

ವಿಚಿತ್ರವೆಂದರೆ, ಚಾಟ್‌ಬಾಟ್ ಕುಲದ ಮುತ್ತಜ್ಜಿಯಂತಿರುವ ಎಲೈಜಾ ಯಾರಿಗೂ ಸಲಹೆಯನ್ನೇ ಕೊಡುತ್ತಿರಲಿಲ್ಲ. ಅದನ್ನು ಕಟ್ಟಿದ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜನ್‌ಬಾಮ್ 1966ರಲ್ಲಿ ಅದರ ವಿವರ ಪ್ರಕಟಿಸಿದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವುದಷ್ಟೇ ಅದರ ಬಂಡವಾಳ. ಮನಸ್ಸಿಗೆ ಬೇಸರ ಎಂದರೆ, ಬೇಸರ ಯಾಕೆ ಎನ್ನುವುದು. ಅಷ್ಟಕ್ಕೇ ಜನ ಅದರ ಮುಂದೆ ಮನಸ್ಸು ಬಿಚ್ಚಿದರು. ಅದು ಬರೀ ಪ್ರೋಗ್ರಾಮ್ ಎಂದು ಬಲ್ಲ ಅವರ ಕಾರ್ಯದರ್ಶಿಯೇ, ಮಾತು ಶುರುವಾಗುತ್ತಿದ್ದಂತೆ ‘ನೀವು ಸ್ವಲ್ಪ ಹೊರಗಿರಿ’ ಎಂದು ವೈಜನ್‌ಬಾಮರನ್ನೇ ಸಾಗಹಾಕಿದರಂತೆ. ವೈಜನ್‌ಬಾಮ್ ಗಾಬರಿಯಾಗಿ ಕೊನೆಯವರೆಗೂ ಯಂತ್ರಗಳ ಬಗ್ಗೆ ಎಚ್ಚರಿಕೆ ಹೇಳುತ್ತಲೇ ಇದ್ದರು. ಅಂದರೆ ಅವರೂ ಸಲಹೆಗಾರರೇ ಆದರು.

ಓಪನ್ ಅಸಿಸ್ಟೆಂಟ್‌ಗೆ ಉತ್ತರ ಬರೆಯಲು ಬೇಸರವಾದವರಿಗೆ ಕೋಡ್ ಬರೆಯುವ ದಾರಿಯಿತ್ತು. ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ ಯೋಜನೆಯ ಒಂದು ಪ್ರತಿ ಮಾಡಿಕೊಂಡು, ತಿದ್ದಿ, ‘ಇದನ್ನು ಸೇರಿಸಿಕೊಳ್ಳಿ’ ಎಂಬ ಕೋರಿಕೆ, ಅಂದರೆ ಪುಲ್ ರಿಕ್ವೆಸ್ಟ್ ಕಳಿಸಬೇಕಿತ್ತು. ಒಪ್ಪುವುದು ಬಿಡುವುದು ಯೋಜನೆಯನ್ನು ನೋಡಿಕೊಳ್ಳುವವರ ಮರ್ಜಿ. ಈ ಯೋಜನೆ ಹುಟ್ಟುವ ಮೊದಲೇ, 2020ರ ಅಕ್ಟೋಬರಿನಲ್ಲಿ, ಗಿಟ್‌ಹಬ್‌ನಲ್ಲಿ ಇಂಥ ನಾಲ್ಕು ತಿದ್ದುಪಡಿ ಕಳಿಸಿದವರಿಗೆ ಟೀ ಶರ್ಟ್ ಎಂಬ ಆಮಿಷವಿದ್ದಾಗ, ಕಂಡಕಂಡ ಯೋಜನೆಗಳ ಪರಿಚಯಪುಟದಲ್ಲಿ ‘ಇದು ಅದ್ಭುತ ಯೋಜನೆ’ ಎಂಬ ಒಂದು ಸಾಲು ಸೇರಿಸಿ ಕಳಿಸುವವರ ದಂಡೇ ಎದ್ದಿತು. ಹೊಗಳಿಸಿಕೊಂಡೂ ಕಂಗಾಲಾಗಬಹುದು ಎಂಬುದು ಆ ಯೋಜನೆಗಳವರಿಗೆ ಅಂದು ತಿಳಿಯಿತು.

2023ರ ಏಪ್ರಿಲ್‌ನಲ್ಲಿ ಓಪನ್ ಅಸಿಸ್ಟೆಂಟ್‌ನ ಸಂಗ್ರಹ ಹೊರಬಂತು. 13,500ಕ್ಕೂ ಹೆಚ್ಚು ಮಂದಿ ಸೇರಿ 35 ಭಾಷೆಗಳಲ್ಲಿ 1,61,443 ಸಂದೇಶಗಳನ್ನು ಕೂಡಿಹಾಕಿದ್ದರು. ಸಿಂಹಪಾಲು ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನವು. ಅಪಾಚೆ 2.0 ಪರವಾನಗಿ, ಯಾರು ಬೇಕಾದರೂ ಬಳಸಬಹುದು, ಆದರೆ ‘ಇದ್ದದ್ದು ಇದ್ದಂತೆ, ಯಾವ ಖಾತರಿಯೂ ಇಲ್ಲ’ ಎಂಬ ಷರತ್ತು ಅದರಲ್ಲಿದೆ. ಬಿಟ್ಟಿ ಸಲಹೆಯ ಇಷ್ಟು ದೀರ್ಘ ಇತಿಹಾಸದಲ್ಲಿ ಈ ಸತ್ಯವನ್ನು ಬರವಣಿಗೆಯಲ್ಲಿ ಕೊಟ್ಟವರನ್ನು ನಾನು ಕಂಡದ್ದು ಅದೇ ಮೊದಲು.

ಕನ್ನಡಕ್ಕೂ ಕೈಜೋಡಿಸಬೇಕು ಅನ್ನುವವರಿಗೆ ಕೇಂದ್ರ ಸರ್ಕಾರದ ಭಾಷಿಣಿ ಎಂಬ ಭಾಷಾ ತಂತ್ರಜ್ಞಾನ ಯೋಜನೆಯಲ್ಲಿ ‘ಭಾಷಾ ದಾನ’ ಇದೆ. ಪರದೆಯ ಮೇಲಿನ ವಾಕ್ಯವನ್ನು ಓದಿ ಧ್ವನಿ ಕೊಟ್ಟರೆ ಯಂತ್ರಗಳು ನಮ್ಮ ನುಡಿಯನ್ನು ಕೇಳಿ ಕಲಿಯುತ್ತವೆ. ಸಲಹೆಗೆ ಅಲ್ಲಿ ಜಾಗವೇ ಇಲ್ಲ, ಇದ್ದದ್ದನ್ನು ಓದಿದರೆ ಮುಗಿಯಿತು. ಅಭ್ಯಾಸಕ್ಕೆಂದು ನಮ್ಮ ಸೋದರಮಾವನ ಕೈಗೆ ಮೊಬೈಲ್ ಕೊಟ್ಟು, ಬೆಳಗಿನ ನಡಿಗೆ ಆರೋಗ್ಯಕ್ಕೆ ಒಳ್ಳೆಯದು ಎಂಬ ಸಾಲನ್ನು ಬರೆದು ಮುಂದಿಟ್ಟೆ. ಕನ್ನಡಕ ಸರಿಮಾಡಿಕೊಂಡು, ಸ್ಪಷ್ಟವಾಗಿ, ಒಂದಕ್ಷರ ತಪ್ಪದೆ ಓದಿದರು. ನಾನು ರೆಕಾರ್ಡಿಂಗ್ ನಿಲ್ಲಿಸುವಷ್ಟರಲ್ಲಿ ಅದೇ ಉಸಿರಿನಲ್ಲಿ ಸೇರಿಸಿದರು: “ಬರಿಗಾಲಲ್ಲಿ ನಡೆದರೆ ಇನ್ನೂ ಒಳ್ಳೇದು, ನಿನ್ನ ಯಂತ್ರಕ್ಕೂ ಹೇಳು.”